ಗೆರೆಯಾಚೆ ನಿಂತ ಮೇಡಂ

ನಮ್ಮ ಮೇಡಂ ಕಬಡ್ಡಿ ಆಡಿದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಗೌರಿಬಿದನೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಅಷ್ಟೊಂದು ವರ್ಷ ಇದ್ದರು, ಹುಡುಗಿಯರ ತಂಡದ ಮೇಲೆ ತಂಡ ಕಟ್ಟಿದರು. ಆದರೆ ಒಂದು ದಿನವೂ ಅಂಕಣದ ಗೆರೆ ದಾಟಿ ಒಳಗೆ ಬಂದವರಲ್ಲ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಶೂವಿನ ತುದಿ ಸುಣ್ಣಕ್ಕೆ ತಾಗುವಷ್ಟು ಹತ್ತಿರ ನಿಲ್ಲುತ್ತಿದ್ದರು. ಎದುರಾಳಿಯ ಕಾಲು ಹಿಡಿಯುವುದು ಹೇಗೆಂದು ತೋರಿಸಬೇಕಾದರೆ ನಮ್ಮಲ್ಲೇ ಒಬ್ಬಳನ್ನು ಗೆರೆಯ ಹತ್ತಿರ ಕರೆದು, ಅವಳ ಸೊಂಟ, ಮೊಣಕಾಲು, ಮಣಿಕಟ್ಟುಗಳನ್ನು ಬೇಕಾದಂತೆ ಬಗ್ಗಿಸಿ, ‘ನೋಡ್ರಮ್ಮ, ಇಷ್ಟೇ’ ಅನ್ನುತ್ತಿದ್ದರು.

ಇದರ ಬಗ್ಗೆ ನಮ್ಮಲ್ಲಿ ಕಥೆಗಳಿಗೇನೂ ಕೊರತೆ ಇರಲಿಲ್ಲ. ಮೇಡಂ ಹಿಂದೆ ರಾಜ್ಯ ತಂಡದಲ್ಲಿದ್ದರು, ಮೊಣಕಾಲು ಮುರಿದು ಬಿಟ್ಟರು ಎಂದು ಒಬ್ಬಳು ಹೇಳುವಳು. ಅವರು ಆಡಿಯೇ ಇಲ್ಲ, ಎಲ್ಲ ಪುಸ್ತಕದಲ್ಲಿ ಓದಿ ಕಲಿತದ್ದು ಎಂದು ಇನ್ನೊಬ್ಬಳು ವಾದಿಸುವಳು. ನನಗೆ ಈ ವಿಷಯದಲ್ಲಿ ಸುಮ್ಮನಿರಲು ಆಗುತ್ತಿರಲಿಲ್ಲ. ಒಂದು ಸಲ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

‘ಮೇಡಂ, ನೀವು ಯಾವ ಪೊಸಿಷನ್ ಆಡ್ತಿದ್ರಿ?’

‘ನಿಮ್ಮಜ್ಜಿ ಯಾವ ಪೊಸಿಷನ್ನಲ್ಲಿ ಕೂತು ಮುದ್ದೆ ತಿರುವ್ತಿದ್ರು, ಕೇಳಿದೀಯೇನಮ್ಮ? ಇಲ್ಲ ತಾನೆ? ಹೋಗು, ಇನ್ನೊಂದು ರೌಂಡ್ ಓಡು.’

ಓಡಿದೆ. ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಕಳೆದ ತಿಂಗಳು ಅವರು ನಿವೃತ್ತರಾದರು. ಚಿಂತಾಮಣಿ ಹತ್ತಿರದ ಹೈಸ್ಕೂಲಿನಲ್ಲಿ ಈಗ ನಾನು ಪಿ.ಟಿ. ಟೀಚರ್. ರಜೆ ಹಾಕಿ ಬೀಳ್ಕೊಡುಗೆಗೆ ಹೋಗಿದ್ದೆ. ವೇದಿಕೆಯ ಮೇಲಿದ್ದವರೆಲ್ಲ ಕ್ರೀಡೆ ಆರೋಗ್ಯಕ್ಕೆ ಒಳ್ಳೆಯದು ಎಂಬುದನ್ನೇ ತಿರುಗಿಸಿ ಮುರುಗಿಸಿ ಹೇಳಿದರು. ಮೇಡಂ ಬಗ್ಗೆ ‘ಶಿಸ್ತಿನ ಸಿಪಾಯಿ’ ಅಂದರು, ‘ಮೌನ ಸಾಧಕಿ’ ಅಂದರು. ಮೌನವಂತೆ! ಅವರ ಬಾಯಿಗೆ ಹೆದರಿ ಕಾಲೇಜಿನ ಕಾಂಪೌಂಡಿನ ಮೇಲೆ ಹುಡುಗರು ಕೂರುತ್ತಿರಲಿಲ್ಲ. ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಟ್ಟರು. ಮೇಡಂ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೈಕಿನ ಮುಂದೆಯೇ, ‘ಸೆಲ್ಲು ಹಾಕಿದೀರೇನ್ರಪ್ಪ ಇದಕ್ಕೆ?’ ಎಂದು ಕೇಳಿದರು. ಹಾಕಿರಲಿಲ್ಲ. ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ನಾನು ಕಂಡ ಮೇಡಂ ಆ ಭಾಷಣಗಳಲ್ಲಿ ಎಲ್ಲೂ ಇರಲಿಲ್ಲವಲ್ಲ ಎಂದು ಬೇಸರವೂ ಆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಕೊರಳಲ್ಲಿ ಒಂದು ಸೀಟಿ ಯಾವಾಗಲೂ ನೇತಾಡುತ್ತಿತ್ತು. ಅದನ್ನು ಊದಿದ್ದನ್ನು ಯಾರೂ ಕೇಳಿಲ್ಲ. ಒಳಗೆ ಗುಂಡು ಬಿದ್ದುಹೋಗಿದೆ, ಅದಕ್ಕೇ ಊದುವುದಿಲ್ಲ ಎಂದು ನಮ್ಮ ಅನುಮಾನ. ಒಂದು ದಿನ ಅವರು ಮುಖ ತೊಳೆಯಲು ಹೋದಾಗ ಬೆಂಚಿನ ಮೇಲಿಟ್ಟಿದ್ದ ಸೀಟಿಯನ್ನು ನಾನು ಎತ್ತಿ ಊದಿದೆ. ಇಡೀ ಮೈದಾನ ಬೆಚ್ಚಿಬಿತ್ತು. ಮೇಡಂ ಒದ್ದೆ ಮುಖದಲ್ಲೇ ಓಡಿ ಬಂದರು. ಬಯ್ಯುತ್ತಾರೆ ಅಂದುಕೊಂಡರೆ, ‘ಊದಿದ್ರೆ ಏನಾಯ್ತು ನೋಡ್ದಾ? ಎಲ್ರೂ ನಿಂತ್ಬಿಟ್ರು. ನಂಗೆ ನಿಲ್ಲೋರು ಬೇಡಮ್ಮ’ ಅಂದರು.

ತಮಗೆ ಗೊತ್ತಿಲ್ಲದ್ದನ್ನು ಯಾರನ್ನಾದರೂ ನಿಲ್ಲಿಸಿ ಕೇಳುವುದರಲ್ಲಿ ಅವರಿಗೆ ಸಂಕೋಚವೇ ಇರಲಿಲ್ಲ. ಹೂವಿನವಳನ್ನು, ಟೈರ್ ಪಂಕ್ಚರ್ ಹಾಕುವವನನ್ನು, ಬಸ್ ಕಂಡಕ್ಟರನ್ನು ಹಿಡಿದು ‘ಅದ್ಯಾಕೆ ಹಂಗೆ?’ ಎಂದು ಶುರು ಮಾಡಿದರೆ ಮುಗಿಯುತ್ತಿರಲಿಲ್ಲ. ಅವರ ಜೊತೆ ಪೇಟೆಗೆ ಹೋದರೆ ಕೆಲಸ ಮುಗಿಸಿ ಬರುವಷ್ಟರಲ್ಲಿ ನಮಗೆ ಹಸಿವಾಗಿ ಕಣ್ಣು ಕತ್ತಲಿಡುತ್ತಿತ್ತು. ಅವರ ಚೀಲದಲ್ಲಿ ಹುರಿಗಡಲೆ, ಬೆಲ್ಲ ಸದಾ ಇರುತ್ತಿತ್ತು. ಅದು ನಮಗೆಂದು ನಾವು ತಿಳಿದಿದ್ದೆವು, ಆದರೆ ಅರ್ಧದಷ್ಟು ಈ ಪ್ರಶ್ನೋತ್ತರದ ವೇಳೆ ಎದುರಿನವರಿಗೇ ಹೋಗುತ್ತಿತ್ತು.

ನಾನು ಅವರ ಕೈಗೆ ಸಿಕ್ಕಿದ್ದು ಮೈದಾನದಲ್ಲಲ್ಲ, ಬಸ್ಸಿನಲ್ಲಿ. ಪಿಯುಸಿ ಮುಗಿಸಿ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೆ. ನಗರಗೆರೆಯಿಂದ ಇನ್ನೂ ಆಚೆಗಿರುವ ನಮ್ಮೂರಿನಿಂದ ಪ್ರೈವೇಟ್ ಬಸ್ಸಿನಲ್ಲಿ ಗೌರಿಬಿದನೂರಿಗೆ ಬಂದು, ಅಲ್ಲಿ ಫ್ಯಾಕ್ಟರಿ ಬಸ್ಸು ಹತ್ತಬೇಕು. ಮೇಡಂ ನಗರಗೆರೆಯಲ್ಲಿ ಅದೇ ಪ್ರೈವೇಟ್ ಬಸ್ಸು ಹತ್ತುತ್ತಿದ್ದರು. ಒಂದು ದಿನ ಇಳಿಯುವಾಗ ನನ್ನ ಮಣಿಕಟ್ಟು ಹಿಡಿದರು. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

‘ಯಾರ ಮನೆ ಹುಡುಗಿ ನೀನು? ಗೌರಿಬಿದನೂರಲ್ಲಿ ದಿನಾ ನೋಡ್ತೀನಿ, ಫ್ಯಾಕ್ಟರಿ ಬಸ್ ಹತ್ತಿದ ತಕ್ಷಣ ನೀನು ಕೂರಲ್ಲ. ಕಾಲು ಅಡ್ಡ ಕೊಟ್ಟು ದಾರಿ ಮುಚ್ತೀಯ. ನಿನ್ ಜೊತೆ ಹುಡುಗೀರೆಲ್ಲ ಕೂತ್ಮೇಲೆ ನೀನು ಕೂರ್ತೀಯ. ಯಾರು ಹೇಳ್ಕೊಟ್ರು?’

‘ಯಾರೂ ಇಲ್ಲ ಮೇಡಂ. ಇಲ್ಲಾಂದ್ರೆ ಗಂಡಸರು ನುಗ್ತಾರೆ.’

‘ಕಬಡ್ಡಿ ಆಡ್ತೀಯಾ?’

ಆಮೇಲೆ ತಿಳಿಯಿತು, ಬಸ್ ಸ್ಟ್ಯಾಂಡೇ ಅವರ ಆಯ್ಕೆ ಸಮಿತಿ ಎಂದು. ‘ಬಸ್ ಹತ್ತೋದ್ರಲ್ಲೇ ಗೊತ್ತಾಗ್ತದೆ ಕಣೇ. ಮೊದಲು ಸೀಟು ಹಿಡಿಯೋಳು ರೈಡರ್. ಸೀಟು ಹಿಡ್ದು ಇನ್ನೊಬ್ಬಳನ್ನ ಕೂರ್ಸೋಳು ಡಿಫೆಂಡರ್. ಕಂಡಕ್ಟರ್ ಹತ್ರ ಚಿಲ್ಲರೆಗೆ ಜಗಳ ಆಡೋಳು ಕ್ಯಾಪ್ಟನ್’ ಎಂದು ವಿವರಿಸುತ್ತಿದ್ದರು. ಇದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಈಗ ನಾನೂ ಬಸ್ಸಿನಲ್ಲಿ ಕೂತಾಗ ಹುಡುಗಿಯರು ಹತ್ತುವುದನ್ನೇ ನೋಡುತ್ತಿರುತ್ತೇನೆ.

ಆಡಬೇಕಾದರೆ ಕಾಲೇಜು ಸೇರಬೇಕು, ಕಾಲೇಜು ಸೇರಬೇಕಾದರೆ ಕೆಲಸ ಬಿಡಬೇಕು, ಕೆಲಸ ಬಿಡಬೇಕಾದರೆ ಅಮ್ಮ ಒಪ್ಪಬೇಕು. ನಮ್ಮ ಮನೆಯಲ್ಲಿ ಅಪ್ಪನದು ಹೂಂ ಅನ್ನುವ ಇಲಾಖೆ, ಉಳಿದ ಇಲಾಖೆಗಳೆಲ್ಲ ಅಮ್ಮನವು. ಮೇಡಂ ಒಂದು ಭಾನುವಾರ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಅಮ್ಮ ನೆಟ್ಟಗೆ ಕೇಳಿದಳು: ‘ಚಡ್ಡಿ ಹಾಕ್ಕೊಂಡು ಕುಣಿದ್ರೆ ಇವಳಿಗೇನು ಸಿಗ್ತದೆ?’

‘ಯೂನಿವರ್ಸಿಟಿ ಟೀಮಿಗೆ ಆಡ್ತಾಳೆ. ಅಲ್ಲಿ ಗೆದ್ರೆ ಆಲ್ ಇಂಡಿಯಾ ಆಡ್ತಾಳೆ. ಅಷ್ಟಾದ್ರೆ ಮುಂದೆ ಬಿ.ಪಿ.ಎಡ್. ಓದಿ ನನ್ ಥರಾ ಕೆಲಸಕ್ಕೆ ಸೇರ್ಬಹುದು. ಇವಳನ್ನ ಆಲ್ ಇಂಡಿಯಾ ಆಡ್ಸೋದು ನನ್ ಜವಾಬ್ದಾರಿ.’

‘ಮಾತು ಕೊಡ್ತೀರಾ?’

‘ಕೊಟ್ಟೆ.’

‘ಸರಿ. ಡಿಗ್ರಿ ಮುಗಿಯೋವರೆಗೂ ಬಿಡ್ತೀನಿ. ಅಷ್ಟರೊಳಗೆ ನೀವಂದಂಗೆ ಆಡಿದ್ರೆ ಮುಂದಕ್ಕೂ ಓದ್ಲಿ. ಇಲ್ಲಾಂದ್ರೆ ವಾಪಸ್ ಫ್ಯಾಕ್ಟರಿಗೇ. ಆಮೇಲೆ ನೀವು ನಮ್ ಬಾಗಿಲಿಗೆ ಬರ್ಬಾರ್ದು ಮೇಡಮ್ಮೋರೆ.’

ಮೇಡಂ ಮಜ್ಜಿಗೆ ಕುಡಿದು ಎದ್ದರು. ಮೈದಾನದಲ್ಲಿ ನಿಂತು ಹುಡುಗಿಯರನ್ನು ಓಡಿಸುವ ಕೆಲಸ ಹೆಂಗಸರಿಗೂ ಇದೆ ಎಂದು ತಿಳಿದದ್ದೇ ಅವರನ್ನು ನೋಡಿ, ಮತ್ತು ತಿಳಿದ ಕ್ಷಣದಿಂದ ನನಗೆ ಅದೇ ಬೇಕಾಗಿತ್ತು.

ಮೊದಲ ಎರಡು ವರ್ಷ ಯೂನಿವರ್ಸಿಟಿ ತಂಡದ ಆಯ್ಕೆಯಲ್ಲಿ ಕೊನೆಯ ತನಕ ಬಂದು ಕೈತಪ್ಪಿತು. ಮೂರನೆಯ ವರ್ಷ ಆಯ್ಕೆಯಾದೆ. ಅದೇ ವರ್ಷ ಮೊದಲ ಸಲ ಆ ತಂಡದ ಕೋಚ್ ಕೆಲಸವೂ ನಮ್ಮ ಮೇಡಂಗೆ ಬಂತು. ದಕ್ಷಿಣ ವಲಯದ ಪಂದ್ಯಾವಳಿಯಲ್ಲಿ ಮೊದಲ ನಾಲ್ಕರೊಳಗೆ ಬಂದರೆ ಆಲ್ ಇಂಡಿಯಾ. ಸೋತರೆ ಒಂದೇ ಸೋಲಿಗೆ ಮನೆ. ನನಗಂತೂ ಮನೆ ಅಂದರೆ ಪ್ಯಾಕಿಂಗ್ ವಿಭಾಗ.

ಕ್ಯಾಂಪು ಚಿಕ್ಕಬಳ್ಳಾಪುರದಲ್ಲಿ. ಯೂನಿವರ್ಸಿಟಿ ತಂಡವೆಂದರೆ ನಿನ್ನೆಯವರೆಗೆ ಒಬ್ಬರ ಜಡೆ ಒಬ್ಬರು ಎಳೆದಾಡಿದ ಕಾಲೇಜುಗಳ ಹುಡುಗಿಯರು ಇವತ್ತು ಒಂದೇ ಬಣ್ಣದ ಜರ್ಸಿ ಹಾಕಿಕೊಳ್ಳುವುದು. ಶಿಡ್ಲಘಟ್ಟದ ಶಬಾನಾ ಅಂತರ ಕಾಲೇಜು ಫೈನಲ್ಲಿನಲ್ಲಿ ನನ್ನ ಜರ್ಸಿಯ ತೋಳು ಹರಿದಿದ್ದಳು. ಅವಳು ಎಡ ಕಾರ್ನರ್, ಅಂದರೆ ಅಂಕಣದ ಎಡತುದಿಯಲ್ಲಿ ನಿಂತು ರೈಡರ್‌ನ ಕಾಲಿಗೆ ಬೀಳುವವಳು. ನಾನು ಅವಳ ಪಕ್ಕದ ಕವರ್, ಅವಳು ಹಿಡಿದ ಮೇಲೆ ಮೈಮೇಲೆ ಬಿದ್ದು ದಾರಿ ಮುಚ್ಚುವವಳು. ಕಬಡ್ಡಿಯಲ್ಲಿ ಅಕ್ಕಪಕ್ಕದವರು ಕೈ ಹಿಡಿದು ನಿಲ್ಲಬೇಕು. ನಮಗೆ ಒಬ್ಬರ ಕೈ ಒಬ್ಬರು ಮುಟ್ಟಲು ಇಷ್ಟವಿರಲಿಲ್ಲ. ಮೇಡಂ ಅದನ್ನು ನೋಡಿದರು.

‘ಇವತ್ತು ಸಂಜೆವರೆಗೂ ನೀವಿಬ್ರೂ ಕೈ ಬಿಡ್ಬಾರ್ದು. ಎಲ್ಲಿಗೆ ಹೋದ್ರೂ ಜೊತೆಗೇ.’

‘ಎಲ್ಲಿಗೆ ಹೋದ್ರೂನಾ ಮೇಡಂ?’ ಶಬಾನಾ ಕೇಳಿದಳು.

‘ಅಲ್ಲಿಗೆ ಮಾತ್ರ ಬೇಡ ಕಣೇ ತಾಯಿ.’

ಮಧ್ಯಾಹ್ನದ ಊಟಕ್ಕೆ ಕೂತಾಗ ನನ್ನ ಬಲಗೈ ಶಬಾನಾಳ ಎಡಗೈಯಲ್ಲಿ ಸಿಕ್ಕಿಕೊಂಡಿತ್ತು. ಅವಳೇನೋ ಆರಾಮಾಗಿ ಉಣ್ಣುತ್ತಿದ್ದಳು. ನಾನು ಎಡಗೈಯಲ್ಲಿ ಮುದ್ದೆ ಮುರಿಯಲಾರದೆ ಒದ್ದಾಡುವುದನ್ನು ನೋಡಿ ಅವಳೇ ಮುರಿದು ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. ಸಂಜೆಯ ಹೊತ್ತಿಗೆ ಹರಿದ ತೋಳಿನ ಜಗಳ ಮುಗಿದಿತ್ತು.

ಕ್ಯಾಂಪಿನ ನಡುವೆ ಒಂದು ದಿನ ಅಭ್ಯಾಸ ನಿಲ್ಲಿಸಿ ನಮ್ಮನ್ನೆಲ್ಲ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋದರು. ಟ್ರ್ಯಾಕ್ ಸೂಟಿನ ಹುಡುಗಿಯರ ದಂಡು ಗೂಡಿನ ರಾಶಿಗಳ ನಡುವೆ ನುಗ್ಗಿದ್ದನ್ನು ಕಂಡು ಅಲ್ಲಿದ್ದವರು ವ್ಯಾಪಾರ ಮರೆತು ನಿಂತರು. ಶಬಾನಾಳ ತಂದೆ ಅಲ್ಲಿ ಗೂಡು ಕೊಂಡು ನೂಲು ತೆಗೆಸುವ ರೀಲರ್. ಅವರು ರಾಶಿಯೊಳಗೆ ಕೈ ತೂರಿಸಿ, ಒಂದು ಹಿಡಿ ಗೂಡೆತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಹಾಗೇ ಬಿಡುತ್ತಿದ್ದರು. ಮೇಡಂ ಅವರ ಪಕ್ಕದಲ್ಲೇ ನಿಂತು ‘ಅದ್ಯಾಕೆ ಹಂಗೆ?’ ಶುರು ಮಾಡಿದರು. ಗೂಡಿನ ಗುಣ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ ಎಂದು ಅವರು ಹೇಳುತ್ತಿದ್ದರು. ನಮಗೆ ಮೂಗು ಮುಚ್ಚಿಕೊಂಡು ಹೊರಗೆ ಓಡಿದರೆ ಸಾಕಾಗಿತ್ತು. ವಾಪಸ್ ಬರುವಾಗ ನಮ್ಮ ಕಣ್ಣಿಗೆ ದುಪಟ್ಟಾ ಕಟ್ಟಿ, ಎದುರಿನವಳ ಕೈ ಹಿಡಿದು ಅವಳು ಈಗ ಯಾವ ಕಡೆ ವಾಲುತ್ತಾಳೆ ಹೇಳಿ ಎಂದು ಬಸ್ಸಿನಲ್ಲೇ ಆಟವಾಡಿಸಿದರು. ಇದು ಯಾವ ಪುಸ್ತಕದಲ್ಲಿದೆಯೋ ಎಂದು ನಾವು ಗೊಣಗಿದೆವು.

ಈಗ ನಮ್ಮ ಬ್ರಹ್ಮಾಸ್ತ್ರದ ವಿಷಯ. ನಮ್ಮ ಕಡೆ ಕಬಡ್ಡಿಯ ಕೂಗೆಲ್ಲ ತೆಲುಗು. ರೈಡರ್ ಒಳಗೆ ಬಂದಾಗ ಕಾರ್ನರಿನವಳು ‘ರಾನೀ, ರಾನೀ’ ಅಂದರೆ ಬರಲಿ ಬಿಡು ಎಂದು. ‘ಪೋನೀ’ ಅಂದರೆ ಹೋಗಲಿ ಬಿಡು. ‘ಪಟ್ಟು’ ಅಂದರೆ ಹಿಡಿ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಎಲ್ಲರೂ ಹೀಗೇ ಕೂಗುವುದರಿಂದ ಅದರಲ್ಲಿ ಗುಟ್ಟೇನಿದೆ ಎಂದು ಯಾರೂ ಯೋಚಿಸಿರಲಿಲ್ಲ. ಕ್ಯಾಂಪಿನ ಸಮಯದಲ್ಲೇ ಮೈಸೂರಿನ ಕಡೆ ಒಂದು ಪಂದ್ಯಾವಳಿಗೆ ಹೋದೆವು. ಅಲ್ಲಿಯ ಹುಡುಗಿಯರು ನಮ್ಮ ‘ರಾನೀ, ಪೋನೀ’ ಕೇಳಿ ತಬ್ಬಿಬ್ಬಾದರು. ‘ಪಟ್ಟು’ ಅವರಿಗೂ ಅರ್ಥವಾಗುತ್ತಿತ್ತೇನೋ, ಆದರೆ ಅರ್ಥವಾಗುವ ಹೊತ್ತಿಗೆ ಕಾಲು ಶಬಾನಾಳ ಕೈಯಲ್ಲಿರುತ್ತಿತ್ತು. ಆಡಿದ್ದನ್ನೆಲ್ಲ ಗೆದ್ದೆವು.

ಮೇಡಂಗೆ ಹಿಡಿಸಲಾರದಷ್ಟು ಖುಷಿ. ‘ಇಷ್ಟು ವರ್ಷ ಬಾಯಲ್ಲೇ ಇಟ್ಕೊಂಡು ನೋಡ್ಲೇ ಇಲ್ವಲ್ರಮ್ಮ’ ಅಂದರು. ಅವತ್ತಿನಿಂದ ಅಭ್ಯಾಸವೆಲ್ಲ ಕೂಗಿನ ಮೇಲೆಯೇ ನಿಂತಿತು. ನಡುಗೆರೆಯ ಆಚೆ ಒಬ್ಬಳು, ಈಚೆ ಏಳು ಜನ, ಮಾತು ಬಿದ್ದ ತಕ್ಷಣ ಮೈ ಹೊರಡಬೇಕು, ಯೋಚನೆ ಮಾಡಬಾರದು. ಕನಸಿನಲ್ಲಿ ಯಾರಾದರೂ ‘ಪಟ್ಟು’ ಅಂದರೂ ನಾವು ಪಕ್ಕದ ಹಾಸಿಗೆಯವಳ ಕಾಲು ಹಿಡಿಯುವಷ್ಟು ತಯಾರಾದೆವು.

ಅಷ್ಟರಲ್ಲಿ ದಕ್ಷಿಣ ವಲಯದ ಪಂದ್ಯಾವಳಿ ಎಲ್ಲಿ ಎಂದು ಗೊತ್ತಾಯಿತು. ಆಂಧ್ರದ ಒಂದು ಊರು. ಮೊದಲ ಪಂದ್ಯವೇ ಅಲ್ಲಿನ ಯೂನಿವರ್ಸಿಟಿಯ ಜೊತೆ. ಅಲ್ಲಿ ಬಿರಿಯಾನಿ ಚೆನ್ನಾಗಿರುತ್ತದಂತೆ ಎಂದು ಒಬ್ಬಳು ಹೇಳಿದಳು. ಚೂಡಿದಾರ್ ಪೀಸ್ ಅಗ್ಗ ಎಂದು ಇನ್ನೊಬ್ಬಳು. ರೈಲಿನಲ್ಲಿ ಇಡೀ ದಾರಿ ಮೇಡಂ ನಮ್ಮಿಂದ ‘ರಾನೀ, ಪೋನೀ’ ಹೇಳಿಸಿದರು. ಎದುರು ಸೀಟಿನ ಅಜ್ಜಿಯೊಬ್ಬರು ಚೆನ್ನಾಗಿ ನಗುತ್ತಿದ್ದರು. ಅವರೇಕೆ ನಗುತ್ತಿದ್ದಾರೆಂದು ನಮ್ಮಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ. ಎಲ್ಲರನ್ನೂ ‘ಅದ್ಯಾಕೆ ಹಂಗೆ’ ಎಂದು ಕೇಳುವ ಮೇಡಂ ಅವತ್ತು ಆ ಅಜ್ಜಿಯನ್ನು ಕೇಳಲಿಲ್ಲ. ತೆಲುಗು ನಮಗೆ ಇನ್ನೊಂದು ರಾಜ್ಯದ ಭಾಷೆಯಾಗಿರಲಿಲ್ಲ, ಅದು ನಮ್ಮ ಅಡುಗೆಮನೆಯ ಮಾತಾಗಿತ್ತು. ಅಡುಗೆಮನೆಯ ಮಾತು ಬೇರೆಯವರಿಗೆ ಗೊತ್ತಿರುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

ಪಂದ್ಯ ಶುರುವಾಯಿತು. ಅವರ ರೈಡರ್, ತೆಳ್ಳಗೆ ಉದ್ದಕ್ಕಿದ್ದ ಹುಡುಗಿ, ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಬಂದಳು. ಶಬಾನಾ ಮೆಲ್ಲಗೆ ‘ರಾನೀ, ರಾನೀ’ ಅಂದಳು. ರೈಡರ್‌ನ ತುಟಿಯಲ್ಲಿ ನಗು ಬಂತು. ಎರಡು ಹೆಜ್ಜೆ ಒಳಗೆ ಬಂದಂತೆ ಮಾಡಿ, ನನ್ನ ಭುಜ ಮುಟ್ಟಿ, ಹಾರಿ ನಡುಗೆರೆ ದಾಟಿದಳು. ದಾಟಿದ ಮೇಲೆ ತಿರುಗಿ ನೋಡಿ, ‘ವಚ್ಚಾನು ಕದಕ್ಕಾ!’ ಅಂದಳು. ಬರಲಿ ಅಂದ್ರಿ, ಬಂದ್ನಲ್ಲಕ್ಕಾ ಎಂದು ಅರ್ಥ. ಅವರ ಇಡೀ ತಂಡ, ಹಿಂದೆ ಕೂತ ಜನ, ಸ್ಕೋರ್ ಬರೆಯುವವರು ಕೂಡ ಗೊಳ್ಳೆಂದರು.

ನಾನು ಗೆರೆಯಾಚೆ ನೋಡಿದೆ. ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದರು.

ಮೊದಲ ಅರ್ಧ ನಮ್ಮ ಪಾಡು ಕೇಳಬೇಡಿ. ನಾವು ಬಾಯಿ ಬಿಡುವುದು, ಅವರು ತಪ್ಪಿಸಿಕೊಳ್ಳುವುದು. ಬಾಯಿ ಬಿಡದಿರಲು ನಮಗೆ ಬರುತ್ತಲೇ ಇರಲಿಲ್ಲ. ಅರ್ಧ ವೇಳೆಗೆ ಸ್ಕೋ‌ರ್‌ಬೋರ್ಡ್ ನೋಡಲು ನಾಚಿಕೆಯಾಗುತ್ತಿತ್ತು. ನನ್ನ ಕಣ್ಣ ಮುಂದೆ ಫ್ಯಾಕ್ಟರಿಯ ಗೇಟು ಬಂದು ನಿಂತಿತ್ತು. ಮೇಡಂ ನಮ್ಮೆದುರು ಬಂದು ನಿಂತರು. ಬಯ್ಯಲಿಲ್ಲ.

ಶಬಾನಾ ಹೇಳಿದಳು: ‘ಮೇಡಂ, ಉಲ್ಟಾ ಹೇಳಣ. ಪೋನೀ ಅಂತ ಕೂಗಿ ಹಿಡ್ಕೊಳಣ. ಅವರು ನಂಬ್ತಾರೆ.’

ಮೇಡಂ ಅವಳ ಭುಜ ತಟ್ಟಿದರು. ‘ಬೇಡಮ್ಮ. ಅವರು ಮೋಸ ಹೋಗೋಕ್ಮುಂಚೆ ನೀವೇ ಹೋಗ್ತೀರ. ಪೋನೀ ಅಂದ್ರೆ ನಿಮ್ ಕೈ ತಾನೇ ಬಿಟ್ಬಿಡ್ತದೆ, ಹಂಗೆ ತಯಾರು ಮಾಡಿದೀನಿ ನಾನು. ಬಾಯಿ ಮುಚ್ಕೊಂಡು ಆಡಿ. ಪಕ್ಕದೋಳ ಕೈ ಹಿಡ್ಕೊಂಡಿದೀರಲ್ಲ, ಹೇಳೋದನ್ನ ಅದರಲ್ಲಿ ಹೇಳಿ. ಒತ್ತಿದ್ರೆ ಹಿಡಿ, ಅಷ್ಟೇ.’

ಎರಡನೆಯ ಅರ್ಧ ನಾವು ತುಟಿ ಪಿಟಕ್ಕೆನ್ನಲಿಲ್ಲ. ಏಳು ಜನ ಮೂಕರಂತೆ ನಿಂತೆವು. ಅವರ ರೈಡರ್‌ಗಳು ಒಳಗೆ ಬಂದು, ಕಿವಿ ಕೊಟ್ಟು, ಏನೂ ಕೇಳಿಸದೆ ಗಲಿಬಿಲಿಗೊಂಡರು. ನಾನು ಶಬಾನಾಳ ಅಂಗೈ ಒತ್ತುತ್ತಿದ್ದೆ, ಅವಳು ಬೀಳುತ್ತಿದ್ದಳು. ಒಂದೊಂದಾಗಿ ಪಾಯಿಂಟ್ ಬಂತು. ನಗುತ್ತಿದ್ದ ಜನ ನಗು ನಿಲ್ಲಿಸಿದರು. ಕೊನೆಯ ರೈಡ್ ಬರುವಷ್ಟರಲ್ಲಿ ಎರಡೂ ತಂಡ ಸಮ ಸಮ. ಹಿಡಿದರೆ ನಾವು ಗೆದ್ದಂತೆ.

ಅದೇ ಉದ್ದನೆಯ ಹುಡುಗಿ ಬಂದಳು. ಅವಳ ಬಲಗಾಲು ಶಬಾನಾಳ ಕಡೆಗೆ ಚಾಚಿತು, ಇನ್ನೊಂದು ಗೇಣು ಬರಬೇಕಿತ್ತು. ನಾನು ಅಂಗೈ ಒತ್ತದೆ ಕಾಯುತ್ತಿದ್ದೆ. ಆಗ ಗೆರೆಯಾಚೆಯಿಂದ, ಎದೆ ಬಿರಿಯುವಂತೆ, ಒಂದು ಕೂಗು ಬಂತು.

‘ಪಟ್ಟು!’

ಮೇಡಂ ಕೂಗಿದ್ದರು. ಮಾತು ಬಿದ್ದದ್ದೇ ಶಬಾನಾಳ ಮೈ ಹೊರಟುಬಿಟ್ಟಿತು. ರೈಡರ್‌ಗೂ ಅದು ಕೇಳಿಸಿತ್ತು. ಕಾಲು ಹಿಂದಕ್ಕೆಳೆದುಕೊಂಡು, ಮುಗ್ಗರಿಸಿದ ಶಬಾನಾಳ ಬೆನ್ನು ಮುಟ್ಟಿ, ನಾನು ಅಡ್ಡ ಬರುವಷ್ಟರಲ್ಲಿ ಗೆರೆ ದಾಟಿದ್ದಳು. ಒಂದು ಪಾಯಿಂಟಿನಲ್ಲಿ ಸೋತೆವು.

ಬೆಂಚಿನಲ್ಲಿದ್ದ ನಮ್ಮ ಹುಡುಗಿಯೊಬ್ಬಳು ಆ ಕೊನೆಯ ರೈಡನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ನನ್ನ ಹತ್ತಿರ ಇನ್ನೂ ಇದೆ. ಅದರ ಮೂಲೆಯಲ್ಲಿ ಮೇಡಂ ಕಾಣುತ್ತಾರೆ. ‘ಪಟ್ಟು’ ಎಂದು ಕೂಗುವಾಗ ಅವರು ನಿಂತಿಲ್ಲ. ಹಸಿರು ಸೀರೆ, ಕನ್ನಡಕ ಎಲ್ಲದರ ಸಮೇತ ಒಂದು ಮೊಣಕಾಲು ನೆಲಕ್ಕೂರಿ, ಎರಡೂ ಕೈ ಮುಂದಕ್ಕೆ ಚಾಚಿ, ಇಲ್ಲದ ಕಾಲೊಂದನ್ನು ಬಾಚಿ ಎದೆಗಪ್ಪಿಕೊಂಡಿದ್ದಾರೆ. ಅಂಥ ಹಿಡಿತ ಪುಸ್ತಕ ಓದಿ ಬರುವಂಥದ್ದಲ್ಲ. ಎಡ ಕಾರ್ನರ್ ಆಡಿದವರು ಮಾತ್ರ ಹಾಗೆ ಬೀಳಲು ಸಾಧ್ಯ. ಎಲ್ಲಿ ಆಡಿದರು, ಯಾಕೆ ಬಿಟ್ಟರು ಎಂಬುದು ನನಗೆ ಇವತ್ತಿಗೂ ತಿಳಿಯದು. ವಿಡಿಯೋ ಬಹಳ ಸಲ ನೋಡಿದ ಮೇಲೆ ಇನ್ನೊಂದು ಗಮನಿಸಿದೆ. ಅವರ ಒಂದು ಕಾಲು ಗೆರೆಯ ಒಳಗಿತ್ತು.

ಹುಡುಗಿಯರಿಗೆ ಅನುಭವ ಸಾಲದು, ಅದಕ್ಕೇ ಸೋತರು ಎಂದು ನಮ್ಮ ಜೊತೆಗೆ ಬಂದಿದ್ದ ಯೂನಿವರ್ಸಿಟಿಯ ಮ್ಯಾನೇಜರ್ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. ಮೇಡಂ ನಮ್ಮ ಒದ್ದೆ ಜರ್ಸಿಗಳನ್ನು ಮಡಿಸುತ್ತಿದ್ದವರು ಎದ್ದು ಹೋಗಿ, ‘ಅನುಭವ ಸಾಲದ್ದು ನಂಗೆ ಅಂತ ಹೇಳಿ ಸರ್’ ಅಂದು ಬಂದು ಮತ್ತೆ ಮಡಿಸತೊಡಗಿದರು. ಶಬಾನಾ ಅಳುತ್ತಿದ್ದಳು. ನನಗೆ ಅಳುವೂ ಬರಲಿಲ್ಲ. ಅಮ್ಮನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು.

ಆ ರಾತ್ರಿಯೇ ರೈಲು ಹತ್ತಿದೆವು. ಬೆಳಿಗ್ಗೆ ಗೌರಿಬಿದನೂರಿನಲ್ಲಿ ಇಳಿದು ಮೇಡಂ, ನಾನು ಇಬ್ಬರೂ ಪ್ರೈವೇಟ್ ಬಸ್ಸು ಹತ್ತಿದೆವು. ನಗರಗೆರೆ ಬಂತು, ಅವರು ಏಳಲಿಲ್ಲ. ನನಗೆ ಅರ್ಥವಾಯಿತು.

‘ಬೇಡ ಮೇಡಂ, ಬರ್ಬೇಡಿ. ನಾನೇ ಹೇಳ್ತೀನಿ ಅಮ್ಮಂಗೆ.’

‘ಏನಂತ ಹೇಳ್ತೀಯ ಪವಿತ್ರಮ್ಮ? ನಾನು ಕೂಗಿದ್ದು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತೀಯ. ಸುಮ್ನೆ ಕೂತ್ಕೊ.’

ಅವರೆಕಾಯಿಯ ಕಾಲ. ಅಮ್ಮ ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದಳು. ನಮ್ಮಿಬ್ಬರನ್ನೂ ನೋಡಿದಳು, ಕೈ ನಿಲ್ಲಿಸಲಿಲ್ಲ. ಮೇಡಂ ಶೂ ಬಿಚ್ಚಿಟ್ಟು, ಅವಳ ಎದುರಿಗೆ ನೆಲದ ಮೇಲೇ ಕೂತರು. ಕೂತು ತಾವೂ ಒಂದು ಹಿಡಿ ಕಾಳು ತೆಗೆದುಕೊಂಡು ಹಿಸುಕತೊಡಗಿದರು.

‘ಏನು, ಗೆದ್ರಾ?’ ಅಮ್ಮ ಕೇಳಿದಳು.

‘ಇಲ್ಲಮ್ಮ. ಮೊದಲ್ನೇ ಆಟದಲ್ಲೇ ಸೋತ್ವಿ.’

ಅಮ್ಮ ನನ್ನತ್ತ ತಿರುಗಿದಳು. ‘ಅವಳ್ನ ನೋಡ್ಬೇಡಿ’ ಅಂದರು ಮೇಡಂ. ‘ಅವಳು ಚೆನ್ನಾಗೇ ಆಡಿದ್ಲು. ಸೋಲ್ಸಿದ್ದು ನಾನು, ಅದೂ ಎರಡೆರಡು ಸಲ.’ ಆಮೇಲೆ ಒಂದನ್ನೂ ಬಿಡದೆ ಹೇಳಿದರು. ಮೈಸೂರಿನ ಗೆಲುವು, ಕೂಗಿನ ಅಭ್ಯಾಸ, ಆ ಹುಡುಗಿಯ ಮಾತು, ಕೊನೆಗೆ ತಮ್ಮ ಬಾಯಿಂದಲೇ ಬಿದ್ದ ಕೂಗು.

ಅಮ್ಮನ ಕೈ ನಿಂತಿತು. ‘ಅಲ್ಲ ಮೇಡಮ್ಮೋರೆ, ಆಂಧ್ರದೋರಿಗೆ ತೆಲುಗು ಬರ್ತದೆ ಅಂತ ಇಡೀ ಯೂನಿವರ್ಸಿಟೀಲಿ ಯಾರಿಗೂ ಗೊತ್ತಿರ್ಲಿಲ್ವಾ?’

‘ಗೊತ್ತಾಗ್ಲಿಲ್ಲಮ್ಮ.’

ಅಮ್ಮ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಒಳಗಿನಿಂದ ಅಪ್ಪ ಇಣುಕಿ ನೋಡಿ, ಏನೆಂದು ತಿಳಿಯದೆಯೇ ಹೂಂ ಅಂದು ಹೋದ. ಮೇಡಂ ನಗಲಿಲ್ಲ.

‘ಮಾತು ಕೊಟ್ಟಿದ್ದೆ, ಉಳಿಸ್ಕೊಳ್ಳೋಕಾಗ್ಲಿಲ್ಲ. ಬಾಗಿಲಿಗೆ ಬರ್ಬೇಡಿ ಅಂದಿದ್ರಿ, ನೆನಪಿದೆ. ಆದ್ರೂ ತಪ್ಪು ಯಾರ್ದು ಅಂತ ಹೇಳಿ ಹೋಗೋಣ ಅಂತ ಬಂದೆ.’

ಅಮ್ಮ ಮತ್ತೆ ಕಾಳು ಹಿಸುಕತೊಡಗಿದಳು. ‘ನಮ್ ಕಡೆ ಸೋತೋರು ಬೇಕಾದಷ್ಟು ಜನ ಇದಾರೆ. ಎಲೆಕ್ಷನ್ನಲ್ಲಿ ಸೋತೋರು, ಕೋರ್ಟಲ್ಲಿ ಸೋತೋರು, ಬೋರ್ ಕೊರೆಸಿ ಸೋತೋರು. ಎಲ್ರೂ ಇನ್ನೊಬ್ರಿಂದಾನೇ ಸೋತಿರೋದು. ನನ್ನಿಂದಾನೇ ಸೋಲಾಯ್ತು ಅಂತ ಮನೆಗ್ಬಂದು ಹೇಳೋರ್ನ ನಾನು ಇವತ್ತೇ ನೋಡ್ತಿರೋದು. ಇವಳು ಅದೇನೋ ಬಿ.ಪಿ.ಎಡ್. ಅಂತಾಳಲ್ಲ, ಓದ್ಲಿ ಬಿಡಿ. ನಿಮ್ ಥರಾ ಆಗೋಕೆ ಏನೇನು ಓದ್ಬೇಕೋ ಅಷ್ಟೂ ಓದ್ಲಿ.’

ನಾನು ಕಂಬಕ್ಕೆ ಒರಗಿ ಕೂತುಬಿಟ್ಟೆ. ಮೇಡಂ ತಲೆ ತಗ್ಗಿಸಿ ಕಾಳು ಹಿಸುಕುತ್ತಲೇ ಇದ್ದರು. ಕನ್ನಡಕದ ಕೆಳಗಿಂದ ನೀರು ಇಳಿದು ಗಲ್ಲದವರೆಗೂ ಬಂದಿತ್ತು, ಕೈ ಒದ್ದೆಯಾಗಿದ್ದರಿಂದ ಒರೆಸಿಕೊಳ್ಳಲು ಆಗುತ್ತಿರಲಿಲ್ಲ.

‘ಅಲ್ಲೂ ಇವಳು ಸೋತ್ರೆ?’ ಅಂದರು.

ಅಮ್ಮ ಕಾಳಿನ ತಟ್ಟೆಯನ್ನು ಇನ್ನಷ್ಟು ಅವರ ಹತ್ತಿರಕ್ಕೆ ಸರಿಸಿದಳು.

‘ಆಗ್ಲೂ ನೀವೇ ಬಂದು ಹೇಳಿ.’